ಹನ್ನೊಂದು ರೂಪಾಯಿಯ ಸಿಪಾಯಿ

ಮೊದಲನೇ ಮಹಾಯುದ್ಧಕ್ಕೆ ಕಾರಣಗಳೇನು ಎಂದು ಯಾವ ಹೈಸ್ಕೂಲು ವಿದ್ಯಾರ್ಥಿಯನ್ನಾದರೂ ಕೇಳಿ ನೋಡಿ. ಸೆರಾಯೆವೊದಲ್ಲಿ 1914ರ ಜೂನ್ 28ರಂದು ಆಸ್ಟ್ರಿಯಾದ ಯುವರಾಜನ ಕೊಲೆ, ದೇಶ ದೇಶಗಳ ನಡುವಣ ಒಪ್ಪಂದಗಳು, ವಸಾಹತುಗಳಿಗಾಗಿ ಪೈಪೋಟಿ, ಶಸ್ತ್ರಾಸ್ತ್ರಗಳ ಸ್ಪರ್ಧೆ ಎಂದು ಒಂದೊಂದಾಗಿ ಒಪ್ಪಿಸುತ್ತಾನೆ. ಪರಿಣಾಮಗಳನ್ನು ಕೇಳಿದರೆ ಅವೂ ಬಾಯಿಪಾಠ. ಆದರೆ ಕಾರಣಕ್ಕೂ ಪರಿಣಾಮಕ್ಕೂ ನಡುವೆ ನಾಲ್ಕು ವರ್ಷ ಕೆಸರಿನಲ್ಲಿ ನಿಂತು ಕಾದಾಡಿದವರು ಯಾರು? ಆ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಹಾಗಾಗಿ ಉತ್ತರವನ್ನು ಯಾರೂ ಹುಡುಕುವುದೂ ಇಲ್ಲ.

ಆ ಯುದ್ಧಕ್ಕೆಂದು ಭಾರತದಿಂದ ಕಡಲು ದಾಟಿ ಹೋದವರು ಸುಮಾರು 13 ಲಕ್ಷ ಮಂದಿ. ಅವರಲ್ಲಿ 74 ಸಾವಿರಕ್ಕೂ ಹೆಚ್ಚು ಜನ ಹಿಂದಿರುಗಲಿಲ್ಲ. 74 ಸಾವಿರ ಎಂದರೆ ನಮ್ಮ ಮನಸ್ಸಿಗೆ ಏನೂ ಆಗುವುದಿಲ್ಲ. ಅದು ಬರೀ ಅಂಕಿ. ಅದರಲ್ಲಿ ಒಬ್ಬನನ್ನು ಮಾತ್ರ ಎತ್ತಿಕೊಂಡು, ಇವನ ಊರು ಯಾವುದು, ಮನೆಯಲ್ಲಿ ಯಾರಿದ್ದರು, ಯಾಕೆ ಹೋದ, ಎಲ್ಲಿ ಸತ್ತ ಎಂದು ಹುಡುಕಲು ಹೊರಟರೆ ಇತಿಹಾಸ ಬೇರೆಯೇ ಆಗಿ ಕಾಣಿಸುತ್ತದೆ. ಈ ವಾರ ಅಂಥ ಒಂದು ಹುಡುಕಾಟ ಹೇಗೆ ಸಾಗುತ್ತದೆ ಎಂಬುದನ್ನು ನೋಡೋಣ.

ಉತ್ತರ ಫ್ರಾನ್ಸಿನಲ್ಲಿ ನವ್ ಶಪೆಲ್ ಎಂಬ ಸಣ್ಣ ಹಳ್ಳಿಯಿದೆ. ಸುತ್ತ ಸಮತಟ್ಟಾದ ಹೊಲಗಳು. ಅಲ್ಲೊಂದು ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ದುಂಡಗಿನ ಕಲ್ಲಿನ ಆವರಣ, ಅದರ ನಡುವೆ ನಮ್ಮ ಅಶೋಕಸ್ತಂಭವನ್ನು ನೆನಪಿಗೆ ತರುವ ಎತ್ತರದ ಕಂಬ, ಕಂಬದ ತುದಿಯಲ್ಲಿ ಕಮಲ, ಬುಡದಲ್ಲಿ ಕಾವಲಿಗೆ ಕುಳಿತ ಎರಡು ಕಲ್ಲಿನ ಹುಲಿಗಳು. ದೆಹಲಿಯ ಸಚಿವಾಲಯದ ಕಟ್ಟಡಗಳನ್ನು ರೂಪಿಸಿದ ಹರ್ಬರ್ಟ್ ಬೇಕರ್ ಎಂಬ ವಾಸ್ತುಶಿಲ್ಪಿ ಇದನ್ನೂ ರೂಪಿಸಿದ. 1927ರ ಅಕ್ಟೋಬರಿನಲ್ಲಿ ಇದರ ಅನಾವರಣವಾಯಿತು. ಗೋಡೆಯ ಮೇಲೆ ಗೋರಿಯೂ ಸಿಗದ, ಚಿತೆಯೂ ದಕ್ಕದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಆ ಹೆಸರುಗಳ ನಡುವೆ ಒಂದು ಹೆಸರು: ರೈಫಲ್‌ಮನ್ ಗಬರ್ ಸಿಂಗ್ ನೇಗಿ, 39ನೇ ಗಢವಾಲ್ ರೈಫಲ್ಸ್.

ಇಷ್ಟೇ ಇದ್ದರೆ ಏನು ಗೊತ್ತಾದೀತು ಎನ್ನಬೇಡಿ. ಇದು ಒಂದು ಸಾಲಲ್ಲ, ಮೂರು ಬಾಗಿಲುಗಳು. ‘ರೈಫಲ್‌ಮನ್’ ಎಂದರೆ ಸೈನ್ಯದ ಏಣಿಯಲ್ಲಿ ತೀರಾ ಕೆಳಗಿನ ಮೆಟ್ಟಿಲು. ಅವನ ಕೈಕೆಳಗೆ ಯಾರೂ ಇಲ್ಲ. ‘ಗಢವಾಲ್’ ಎಂಬುದು ಅವನ ಸೀಮೆಯನ್ನು ಹೇಳುತ್ತದೆ. ಅಂದಿನ ಬ್ರಿಟಿಷರು ಕೆಲವು ಜಾತಿ, ಜನಾಂಗಗಳಷ್ಟೇ ಯುದ್ಧಕ್ಕೆ ಲಾಯಕ್ಕು ಎಂದು ನಂಬಿ, ಊರು ಮತ್ತು ಜಾತಿ ನೋಡಿಯೇ ಪಡೆ ಕಟ್ಟುತ್ತಿದ್ದರು. ಆ ನಂಬಿಕೆ ತಪ್ಪು. ಆದರೆ ಅದರಿಂದಾಗಿಯೇ ಇಂದು ಪಡೆಯ ಹೆಸರು ತಿಳಿದರೆ ಸಿಪಾಯಿಯ ತವರು ಸೀಮೆ ತಿಳಿಯುತ್ತದೆ. ಇನ್ನು ‘39’ ಎಂಬ ಸಂಖ್ಯೆ ಆ ಪಡೆಯ ಯುದ್ಧ ದಿನಚರಿಯನ್ನು ತೆರೆಸುತ್ತದೆ. ಪ್ರತಿಯೊಂದು ಪಡೆಯೂ ರಣರಂಗದಲ್ಲಿ ದಿನದಿನದ ವರದಿ ಬರೆದಿಡಬೇಕಿತ್ತು. ಎಷ್ಟು ಗಂಟೆಗೆ ಹೊರಟೆವು, ಎಲ್ಲಿ ನಿಂತೆವು, ಎಷ್ಟು ಜನರನ್ನು ಕಳೆದುಕೊಂಡೆವು ಎಂಬ ಲೆಕ್ಕ ಅದರಲ್ಲಿರುತ್ತದೆ.

ಹೀಗೆ ಬಾಗಿಲು ತೆರೆಯುತ್ತಾ ಹೋದರೆ ಗಬರ್ ಸಿಂಗ್ ಹಿಮಾಲಯದ ತಪ್ಪಲಿನ ತೆಹ್ರಿ ಗಢವಾಲದಲ್ಲಿ, ಚಂಬಾ ಪೇಟೆಯ ಹತ್ತಿರದ ಒಂದು ಹಳ್ಳಿಯಲ್ಲಿ 1895ರ ಏಪ್ರಿಲ್ 21ರಂದು ಹುಟ್ಟಿದವನೆಂದು ತಿಳಿಯುತ್ತದೆ. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ತುಂಡು ಹೊಲಗಳ ಸೀಮೆ ಅದು. ಅಂಥ ಹೊಲದಿಂದ ಮನೆಮಂದಿಯ ಹೊಟ್ಟೆ ತುಂಬಿಸುವುದು ಕಷ್ಟ. 1913ರಲ್ಲಿ ಆತ ಸೈನ್ಯ ಸೇರಿದ. ಆಗ ಒಬ್ಬ ಸಿಪಾಯಿಯ ತಿಂಗಳ ಸಂಬಳ 11 ರೂಪಾಯಿ. ಚಕ್ರವರ್ತಿಯ ಮೇಲಿನ ಭಕ್ತಿಯಿಂದ ಹೋದರೆಂದು ಅಂದಿನ ಸರ್ಕಾರಿ ಭಾಷಣಗಳು ಹೇಳಿಕೊಂಡವು. ಮನೆಗೆ ಪ್ರತಿ ತಿಂಗಳು ಕಾಸು ಬರುತ್ತದೆ ಎಂಬ ಭರವಸೆ ಬಡ ರೈತನಿಗೆ ಎಷ್ಟು ದೊಡ್ಡದು ಎಂಬುದನ್ನು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೇರಿದ ಮರುವರ್ಷವೇ ಯುದ್ಧ. 1914ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತೀಯ ಸೇನೆಯ ಮೊದಲ ತುಕಡಿಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಚಳಿಗಾಲದ ಬಟ್ಟೆ ಇನ್ನೂ ಎಲ್ಲರ ಕೈ ಸೇರಿರಲಿಲ್ಲ. ಮೊಣಕಾಲುದ್ದ ನೀರು ನಿಂತ ಕಂದಕಗಳಲ್ಲಿ ಆ ಚಳಿಗಾಲ ಕಳೆಯಿತು. 1915ರ ಮಾರ್ಚ್ 10ರ ಬೆಳಿಗ್ಗೆ ಏಳೂವರೆಗೆ ನವ್ ಶಪೆಲ್ ಮೇಲೆ ಬ್ರಿಟಿಷ್ ಫಿರಂಗಿಗಳು ಬೆಂಕಿ ಉಗುಳತೊಡಗಿದವು. ಸರಿಯಾಗಿ 35 ನಿಮಿಷ. 8 ಗಂಟೆ 5 ನಿಮಿಷಕ್ಕೆ ಫಿರಂಗಿ ಹಳ್ಳಿಯ ಕಡೆಗೆ ತಿರುಗಿತು, ಕಾಲಾಳುಗಳು ಕಂದಕದಿಂದ ಮೇಲೆದ್ದರು. ಗಢವಾಲಿಗಳ ಎರಡು ಪಡೆಗಳೂ ಅಂದು ಮುಂಚೂಣಿಯಲ್ಲಿದ್ದವು. ಒಂದು ಪಡೆ ದಿಕ್ಕು ತಪ್ಪಿ ಬಲಕ್ಕೆ ಸರಿದು, ಮುಳ್ಳುತಂತಿ ತುಂಡಾಗದೆ ಹಾಗೇ ಉಳಿದಿದ್ದ ಜಾಗಕ್ಕೆ ಹೋಗಿ ಸಿಕ್ಕಿಕೊಂಡಿತು. ಗಬರ್ ಸಿಂಗನಿದ್ದ ಇನ್ನೊಂದು ಪಡೆ ಜರ್ಮನರ ಮುಖ್ಯ ಕಂದಕವನ್ನು ಹೊಕ್ಕಿತು.

ಕಂದಕ ಎಂದರೆ ನೇರ ಕಾಲುವೆಯಲ್ಲ. ಹತ್ತಾರು ಹೆಜ್ಜೆಗೊಂದು ತಿರುವು ಇರುತ್ತದೆ. ತಿರುವಿನ ಆಚೆ ಯಾರಿದ್ದಾರೆ ಎಂಬುದು ತಿರುಗುವವನಿಗೆ ಕಾಣಿಸದು. ಪ್ರತಿ ತಿರುವಿನಲ್ಲೂ ಮೊದಲು ಹೋದವನು ಗಬರ್ ಸಿಂಗ್ ಎಂದು ಅವನಿಗೆ ವಿಕ್ಟೋರಿಯಾ ಕ್ರಾಸ್ ಘೋಷಿಸಿದ ಸರ್ಕಾರಿ ಪ್ರಕಟಣೆ ಹೇಳುತ್ತದೆ. ಎದುರಾಳಿಗಳು ಕಡೆಗೆ ಶರಣಾದರು. ಆ ಕಾದಾಟದಲ್ಲೇ ಅವನು ಸತ್ತ. 20 ವರ್ಷ ತುಂಬಲು ಇನ್ನೂ ಒಂದೂವರೆ ತಿಂಗಳಿತ್ತು. ನಮ್ಮ ಕಾಲೇಜುಗಳಲ್ಲಿ ಎರಡನೇ ವರ್ಷದ ಡಿಗ್ರಿ ಓದುವ ಹುಡುಗನ ವಯಸ್ಸು.

ಊರಿನಲ್ಲಿ ಅವನ ಹೆಂಡತಿ ಸತೂರಿ ದೇವಿ ಇದ್ದಳು, ಇನ್ನೂ ಹುಡುಗಿ. ಗಂಡ ಬರಲಿಲ್ಲ, ಪದಕ ಬಂತು. ಆಕೆ ಮರುಮದುವೆಯಾಗದೆ, ಆ ಪದಕವನ್ನು ತನ್ನ ಉಡುಪಿನ ಮೇಲೆ ಧರಿಸಿ ಓಡಾಡುತ್ತಿದ್ದಳೆಂದೂ ಎದುರಾದ ಸೈನಿಕರು ಆಕೆಗೆ ಸೆಲ್ಯೂಟ್ ಹೊಡೆಯುತ್ತಿದ್ದರೆಂದೂ ಆ ಕಡೆಯ ಜನ ಹೇಳುತ್ತಾರೆ. ಆಕೆ ತೀರಿಕೊಂಡದ್ದು 1981ರಲ್ಲಿ. ಹಿಂದಿರುಗದ ಗಂಡನ ನೆನಪಿನಲ್ಲಿ 66 ವರ್ಷ! ಚಂಬಾದಲ್ಲಿ ಇಂದಿಗೂ ಏಪ್ರಿಲ್ ತಿಂಗಳಲ್ಲಿ ಗಬರ್ ಸಿಂಗನ ಹೆಸರಿನಲ್ಲಿ ಜಾತ್ರೆ ನಡೆಯುತ್ತದೆ.

ಇಲ್ಲೊಂದು ಮಾತು ಗಮನಿಸಬೇಕು. ಗಬರ್ ಸಿಂಗನ ಬದುಕು ನಮಗೆ ಇಷ್ಟು ತಿಳಿದಿರುವುದು ಅವನಿಗೆ ಪದಕ ಸಿಕ್ಕಿದ್ದರಿಂದ. ಅದೇ ತಿರುವಿನಲ್ಲಿ ಅವನ ಹಿಂದೆ ಎರಡನೆಯವನಾಗಿ, ಮೂರನೆಯವನಾಗಿ ಹೋದವರೂ ಇದ್ದರು. ನಾಲ್ಕು ದಿನದ ಆ ಯುದ್ಧದಲ್ಲಿ ಭಾರತೀಯ ಸೇನಾವಿಭಾಗದ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಅವರಿಗೂ ಊರಿತ್ತು, ಅವರ ಮನೆಯಲ್ಲೂ ಒಬ್ಬ ಹುಡುಗಿ ಕಾಯುತ್ತಿದ್ದಿರಬಹುದು. ಅವರನ್ನು ಹುಡುಕುವುದು ಹೇಗೆ?

ಒಂದು ದಾರಿ ಅವರ ಕಾಗದಗಳು. ಸಿಪಾಯಿಗಳಲ್ಲಿ ಬಹುಮಂದಿಗೆ ಓದು ಬರಹ ಬಾರದು. ಬಲ್ಲವರ ಕೈಯಲ್ಲಿ ಬರೆಸುತ್ತಿದ್ದರು. ಊರಿನಲ್ಲೂ ಯಾರಾದರೂ ಓದಿ ಹೇಳಬೇಕು. ಈ ಕಾಗದಗಳನ್ನು ಸರ್ಕಾರ ಒಡೆದು ನೋಡುತ್ತಿತ್ತು. ಅದಕ್ಕೆಂದೇ ಫ್ರಾನ್ಸಿನಲ್ಲಿ ಒಂದು ಕಚೇರಿ ಇತ್ತು. ಅಲ್ಲಿನವರು ಮುಖ್ಯವೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ವರದಿ ಕಳಿಸುತ್ತಿದ್ದರು. ವಿಚಿತ್ರ ನೋಡಿ, ಮೂಲ ಕಾಗದಗಳು ಬಹುಪಾಲು ಕಾಣೆಯಾದವು. ಅವುಗಳ ಮೇಲೆ ಕಣ್ಣಿಟ್ಟವರು ಮಾಡಿಕೊಂಡ ಅನುವಾದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಕಣ್ಗಾವಲು ಇದೆಯೆಂದು ತಿಳಿದಿದ್ದ ಸಿಪಾಯಿಗಳು ಒಗಟಾಗಿಯೂ ಬರೆಸುತ್ತಿದ್ದರು. ಕರಿಮೆಣಸು ಮುಗಿಯುತ್ತಾ ಬಂತು, ಈಗ ಕೆಂಪುಮೆಣಸು ಬಳಸುತ್ತಿದ್ದಾರೆ ಎಂಬಂಥ ಮಾತು ಬಂದರೆ ಅದು ಅಡುಗೆಯ ಸುದ್ದಿಯಲ್ಲ. ಕರಿಯೆಂದರೆ ಭಾರತೀಯ ಸಿಪಾಯಿ, ಕೆಂಪೆಂದರೆ ಬಿಳಿಯ ಸಿಪಾಯಿ. ಒಗಟು ಕಚೇರಿಯವರಿಗೂ ಅರ್ಥವಾಗುತ್ತಿತ್ತು ಎನ್ನುವುದಕ್ಕೆ ಅವರು ಬರೆದಿಟ್ಟ ಟಿಪ್ಪಣಿಯೇ ಸಾಕ್ಷಿ.

ಫ್ರಾನ್ಸಿನಲ್ಲಿ ಸತ್ತವರಿಗೆ ಕಲ್ಲಿನ ಮೇಲೆ ಹೆಸರಾದರೂ ದಕ್ಕಿತು. ಭಾರತೀಯರು ಅತಿ ಹೆಚ್ಚು ಸಂಖ್ಯೆಯಲ್ಲಿ ಕಾದಾಡಿದ್ದು ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ. ಅಲ್ಲಿ ಕುತ್ ಎಂಬ ಊರಿನಲ್ಲಿ ತುರ್ಕರು ಹಾಕಿದ ಮುತ್ತಿಗೆಯಲ್ಲಿ ಸಿಲುಕಿ, ಹಸಿವಿನಿಂದ ಕಂಗೆಟ್ಟು, 1916ರ ಏಪ್ರಿಲ್ 29ರಂದು ಸುಮಾರು 13 ಸಾವಿರ ಮಂದಿ ಶರಣಾದರು. ಅದರಲ್ಲಿ ಮರಾಠಾ ಪಡೆಗಳಿದ್ದವು. ಮೆಸೊಪೊಟೇಮಿಯಾದ ರಣರಂಗದಲ್ಲಿ ಮದ್ರಾಸ್ ಸ್ಯಾಪರ್ಸ್ ಕೂಡ ಇದ್ದರು. ಮರಾಠಾ ಪಡೆಯ ಕೇಂದ್ರ 1922ರಿಂದ ನಮ್ಮ ಬೆಳಗಾವಿಯಲ್ಲಿದೆ. ಮದ್ರಾಸ್ ಸ್ಯಾಪರ್ಸ್ ಕೇಂದ್ರ ಬೆಂಗಳೂರಿನಲ್ಲಿದೆ. ಸೆರೆಸಿಕ್ಕವರಲ್ಲಿ ಎಷ್ಟೋ ಮಂದಿ ಮರಳುಗಾಡಿನ ನಡಿಗೆಯಲ್ಲೇ ಪ್ರಾಣ ಬಿಟ್ಟರು.

ಆ ರಣರಂಗದಲ್ಲಿ ಮಡಿದು ಗೋರಿಯಿಲ್ಲದವರಿಗಾಗಿ 1929ರಲ್ಲಿ ಬಸ್ರಾದಲ್ಲಿ ಸ್ಮಾರಕವೊಂದು ಎದ್ದಿತು. ಅದು ನೆನೆಯುವುದು 40 ಸಾವಿರಕ್ಕೂ ಹೆಚ್ಚು ಜನರನ್ನು. ಬ್ರಿಟಿಷ್ ಸೈನ್ಯದ ಕಟ್ಟಕಡೆಯ ಸಿಪಾಯಿಯ ಹೆಸರೂ ಅದರಲ್ಲಿ ಕೆತ್ತಲ್ಪಟ್ಟಿತು. ಭಾರತೀಯರಲ್ಲಿ ಮಾತ್ರ ಅಧಿಕಾರಿಗಳ ಹೆಸರಷ್ಟೇ ಕಲ್ಲಿಗೇರಿತು. ಸಾಮಾನ್ಯ ಸಿಪಾಯಿಗಳ ಪಾಲಿಗೆ ಪಡೆಯ ಹೆಸರು, ಅದರ ಮುಂದೆ ‘ಇಂತಿಷ್ಟು ಮಂದಿ’ ಎಂಬ ಸಂಖ್ಯೆ. ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ 1917ರಲ್ಲಿ ಹುಟ್ಟಿದಾಗ ಎಲ್ಲರನ್ನೂ ಸಮಾನವಾಗಿ ಕಾಣುವುದೇ ತನ್ನ ನೀತಿ ಎಂದಿತ್ತು. 2021ರಲ್ಲಿ ಅದೇ ಆಯೋಗ ತನಿಖೆ ಮಾಡಿಸಿ, ಏಷ್ಯಾ ಆಫ್ರಿಕಾಗಳ ಸುಮಾರು 45 ಸಾವಿರದಿಂದ 54 ಸಾವಿರ ಮಂದಿಯನ್ನು ಸಮಾನವಾಗಿ ಸ್ಮರಿಸಿಲ್ಲವೆಂದೂ, ಇನ್ನೂ ಕನಿಷ್ಠ 1 ಲಕ್ಷ 16 ಸಾವಿರ ಮಂದಿಗೆ ಹೆಸರಿನ ಸ್ಮರಣೆಯೇ ದಕ್ಕಿಲ್ಲವೆಂದೂ ಒಪ್ಪಿಕೊಂಡು ಕ್ಷಮೆ ಕೇಳಿತು. ಶತಮಾನ ಕಳೆದ ಮೇಲೆ ಬಂದ ಮಾತು.

ಈ ಸಂಗತಿ ಓದುವಾಗ ಕನ್ನಡಿಗರಿಗೆ ವೀರಗಲ್ಲುಗಳು ನೆನಪಾಗದೆ ಇರುವುದಿಲ್ಲ. ತುರು ಕಾಯುತ್ತಾ ಸತ್ತವನಿಗೆ, ಊರ ಗಡಿಗಾಗಿ ಹೋರಿ ಸತ್ತವನಿಗೆ ನಮ್ಮ ಹಳ್ಳಿಗಳು ಕಲ್ಲು ನಿಲ್ಲಿಸಿದವು. ಕೆಳಗಿನ ಪಟ್ಟಿಕೆಯಲ್ಲಿ ಅವನ ಕಾಳಗ, ಅದರ ಮೇಲೆ ಅಪ್ಸರೆಯರು ಅವನನ್ನು ಒಯ್ಯುವ ದೃಶ್ಯ, ಎಲ್ಲಕ್ಕೂ ಮೇಲೆ ಶಿವನ ಸನ್ನಿಧಿ. ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣಿಸುವ ಬೇಗೂರಿನ ಶಾಸನ ಕೂಡ ರಾಜನ ಪಟ್ಟಾಭಿಷೇಕದ ಸುದ್ದಿಯಲ್ಲ. ಸುಮಾರು 890ರ ಆ ಕಲ್ಲು ಹೇಳುವುದು ಬೆಂಗಳೂರು ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟಣಶೆಟ್ಟಿ ಸತ್ತ ಎಂಬುದನ್ನು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಂತೂ, ಹಂದಿಯೊಡನೆ ಕಾದಾಡಿ ಸತ್ತ ಬೇಟೆನಾಯಿಯೊಂದನ್ನು ನೆನೆಯುತ್ತದೆ. ನಾಯಿಯ ಹೆಸರು ಕಾಳಿ. ಆ ಕಲ್ಲು ಸುಮಾರು 950ರದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಸಂದ ಮರ್ಯಾದೆ 1929ರ ಬಸ್ರಾದಲ್ಲಿ ಒಬ್ಬ ಸಿಪಾಯಿಗೆ ಸಲ್ಲಲಿಲ್ಲವಲ್ಲ ಎಂದು ಮನಸ್ಸು ಮುದುಡುತ್ತದೆ.

ಇನ್ನು ನಮ್ಮ ಮೈಸೂರಿನವರೇ ಹೋದ ಕಥೆಯೂ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳ ಈಜಿಪ್ಟಿಗೂ ಅಲ್ಲಿಂದ ಪ್ಯಾಲೆಸ್ತೀನಿಗೂ ಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಪ್ರಸಿದ್ಧ ದಾಳಿಯಲ್ಲಿ ಜೋಧಪುರದವರ ಜೊತೆ ಮೈಸೂರಿನವರಿದ್ದರು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ, ಎದುರಿಗೆ ಮಷಿನ್‌ಗನ್ನುಗಳು. ಇವರ ಕೈಯಲ್ಲಿದ್ದದ್ದು ಭರ್ಜಿ, ಕತ್ತಿ. ಆ ದಿನ ಬಲಿಯಾದವರು 8 ಮಂದಿ, ಗಾಯಗೊಂಡವರು 34. ಸತ್ತ ಕುದುರೆಗಳು 60. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರು ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕವಿದೆ. ಅದರ ಪಕ್ಕದಲ್ಲೇ ದಿನಾ ಬಸ್ಸಿಗೆ ಕಾಯುವ ಎಷ್ಟು ಮಕ್ಕಳಿಗೆ ಅದರ ಕಥೆ ಗೊತ್ತಿದೆಯೋ!

ಸಮಾಧಾನದ ಸಂಗತಿಯೆಂದರೆ ಹುಡುಕಾಟ ನಿಂತಿಲ್ಲ. ಇಂಗ್ಲೆಂಡಿನ ಬ್ರೈಟನ್ ಬಳಿ, ಆಸ್ಪತ್ರೆಯಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ದಹನ ಮಾಡಿದ ಜಾಗದಲ್ಲಿ 1921ರಲ್ಲಿ ಛತ್ರಿಯೊಂದನ್ನು ಕಟ್ಟಿದರು. ಅವರ ಹೆಸರುಗಳು ಕಲ್ಲಿನ ಮೇಲೆ ಬಂದದ್ದು 2010ರಲ್ಲಿ. ಲಾಹೋರ್ ಮ್ಯೂಸಿಯಮ್ಮಿನಲ್ಲಿ ದಶಕಗಳ ಕಾಲ ಧೂಳು ತಿನ್ನುತ್ತಿದ್ದ ಪಂಜಾಬಿನ ದಾಖಲೆ ಪುಸ್ತಕಗಳಲ್ಲಿ, ಹಳ್ಳಿ ಹಳ್ಳಿಯಿಂದ ಯಾರು ಯಾರು ಯುದ್ಧಕ್ಕೆ ಹೋದರೆಂದು ಸುಮಾರು 3 ಲಕ್ಷ 20 ಸಾವಿರ ಮಂದಿಯ ವಿವರ ಸಿಕ್ಕಿತು. 2021ರಿಂದ ಅವುಗಳಲ್ಲಿ ಕೆಲವು ಜಿಲ್ಲೆಗಳ ವಿವರ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತಾಯಿತು. ಮುತ್ತಾತನ ಹೆಸರು ಕಂಡ ಮೊಮ್ಮಕ್ಕಳಿಗೆ ಹೇಗಾಗಿರಬೇಕು, ಊಹಿಸಿ.

ಈಗ ವಿದ್ಯಾರ್ಥಿಗಳಿಗೆ ಒಂದು ಕೆಲಸ. ತಂದೆ ತಾಯಿಯರೂ ಜೊತೆಗಿದ್ದರೆ ಒಳ್ಳೆಯದು. ನಿಮ್ಮ ಮನೆತನದಲ್ಲೋ ಬೀದಿಯಲ್ಲೋ ಊರಿನಲ್ಲೋ ಯುದ್ಧಕ್ಕೆ ಹೋಗಿ ಹಿಂದಿರುಗದ ಒಬ್ಬ ಸಿಪಾಯಿ ಇದ್ದಾನೆಯೇ ವಿಚಾರಿಸಿ. 1914ರ ಯುದ್ಧವೇ ಆಗಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ 87 ಸಾವಿರಕ್ಕೂ ಹೆಚ್ಚು ಭಾರತೀಯರು ಸತ್ತರು. 1962, 1965, 1971, 1999ರ ಯುದ್ಧಗಳೂ ಇವೆ.

ಮೊದಲು ಮನೆಯ ಹಿರಿಯರನ್ನು ಕೇಳಿ. ಅಜ್ಜಿಯ ಟ್ರಂಕಿನ ತಳದಲ್ಲಿ ಒಂದು ಪದಕ, ಪಿಂಚಣಿ ಪುಸ್ತಕ, ಹಳದಿಗಟ್ಟಿದ ತಂತಿ ಸಿಕ್ಕೀತು. ಪದಕ ಸಿಕ್ಕರೆ ಅದರ ಮುಖ ನೋಡಿ ಇಟ್ಟುಬಿಡಬೇಡಿ, ಅಂಚನ್ನು ತಿರುಗಿಸಿ ನೋಡಿ. ಹಳೆಯ ಯುದ್ಧಪದಕಗಳ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು, ಪಡೆ ಕೊರೆದಿರುತ್ತದೆ. ತಿಕ್ಕಿ ಹೊಳಪು ಮಾಡಲು ಹೋಗಬೇಡಿ, ಅಕ್ಷರ ಸವೆದುಹೋದಾವು. ಎರಡು ಮಹಾಯುದ್ಧಗಳಲ್ಲಿ ಮಡಿದವರಾದರೆ ಕಾಮನ್‌ವೆಲ್ತ್ ಆಯೋಗದ ಜಾಲತಾಣದಲ್ಲಿ ಹುಡುಕಬಹುದು, ಹಣ ಕೊಡಬೇಕಾಗಿಲ್ಲ. ತಂದೆಯ ಹೆಸರು, ಊರು, ತಾಲ್ಲೂಕು ಸಹ ಕೆಲವೊಮ್ಮೆ ಸಿಗುತ್ತವೆ. ಅಂದಿನ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಂಡಿರುವುದರಿಂದ ಒಂದೇ ಹೆಸರನ್ನು ನಾಲ್ಕೈದು ಬಗೆಯ ಸ್ಪೆಲಿಂಗಿನಲ್ಲಿ ಹುಡುಕಬೇಕು. ಸ್ವಾತಂತ್ರ್ಯಾನಂತರ ಮಡಿದವರಾದರೆ 2019ರಲ್ಲಿ ದೆಹಲಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ.

ಎರಡು ಎಚ್ಚರಿಕೆ. ಒಂದು, ಮನೆಯವರ ಒಪ್ಪಿಗೆಯಿಲ್ಲದೆ ಅವರ ದುಃಖವನ್ನು ಕೆದಕಬೇಡಿ. ಹೇಳಿದಷ್ಟು ಕೇಳಿ, ಹೇಳದ್ದನ್ನು ಬಿಡಿ. ಎರಡು, ದಾಖಲೆ ಎಲ್ಲಿ ನಿಂತಿತೋ ಅಲ್ಲಿ ನೀವೂ ನಿಲ್ಲಿ. ಆತ ನಗುನಗುತ್ತಾ ಪ್ರಾಣ ಕೊಟ್ಟ ಎಂದು ಬರೆಯುವ ಆಸೆಯಾಗುತ್ತದೆ. ನಕ್ಕನೋ ಅತ್ತನೋ ನೋಡಿದವರು ಹೇಳಿದ್ದರೆ ಮಾತ್ರ ಬರೆಯಿರಿ.

ಇಂಥ ಹುಡುಕಾಟದಿಂದ ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತದೆ ಎಂದು ಕೆಲವು ತಂದೆ ತಾಯಿಯರು ಕೇಳಬಹುದು. ಬಹುಶಃ ಒಂದೂ ಬರಲಿಕ್ಕಿಲ್ಲ. ಆದರೆ ಸಾಕ್ಷಿ ಯಾವುದು, ಊಹೆ ಯಾವುದು ಎಂದು ಬೇರ್ಪಡಿಸಲು ಮಗು ಕಲಿಯುತ್ತದೆ. ಅಜ್ಜಿಯ ಪಕ್ಕ ಒಂದು ಸಂಜೆ ಕೂರುತ್ತದೆ. ಇನ್ನೊಂದು ಪ್ರಯೋಜನವೂ ಇದೆ. ಆ ಕಾಲದ ಸಿಪಾಯಿ ಯಾರವನು ಎಂಬ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರಿಸಲಿಲ್ಲ. ದುಡಿಸಿಕೊಂಡ ಸಾಮ್ರಾಜ್ಯ ಅವನನ್ನು ಸಂಖ್ಯೆಯಾಗಿಸಿತು. ಪರರ ಯುದ್ಧಕ್ಕೆ ಹೋದವನೆಂದು ಸ್ವತಂತ್ರ ದೇಶವೂ ಬಹುಕಾಲ ಅವನನ್ನು ಮಾತಾಡಿಸಲಿಲ್ಲ. ಯುದ್ಧ ಯಾರದೇ ಇರಲಿ, ಹೋದ ಮಗ ಮಾತ್ರ ಯಾವುದೋ ಒಂದು ಮನೆಯವನು. ಆ ಮನೆ ಯಾವುದೆಂದು ಹುಡುಕಿ, ಅವನ ಹೆಸರು, ತಂದೆ ತಾಯಿಯ ಹೆಸರು, ಊರಿನ ಹೆಸರು ಸರಿಯಾಗಿ ಬರೆದು ಶಾಲೆಯ ಗೋಡೆಗೆ ಅಂಟಿಸಿದರೂ ಸಾಕು. ಕಲ್ಲು ನಿಲ್ಲಿಸಲು ನಮ್ಮ ಹತ್ತಿರ ಹಣವಿಲ್ಲದಿದ್ದರೆ ಒಂದು ಹಾಳೆ ಕಾಗದವಾದರೂ ಇದ್ದೇ ಇದೆ.